ಡಾಬಿನ ಕೆಳಗಿನ ಕೌದಿ ತುಂಡು

ನಮ್ಮತ್ತೆಯ ಡಾಬು ಆಕೆಯ ನಡುವಿಗೆ ಸಾಲದೇ ಹೋದಾಗ ಮಾವ ಬಂಡಿ ಕಟ್ಟಿಸಿ ಆಕೆಯನ್ನು ಬಳ್ಳಾರಿಗೆ ಕರೆದುಕೊಂಡು ಹೋದರು. ನಾನು ಕುರುಗೋಡಿನ ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಡಾಬು ಅಂದರೆ ಸೀರೆಯ ಮೇಲೆ ಹಾಕಿಕೊಳ್ಳುವ ಬೆಳ್ಳಿಯ ನಡುಪಟ್ಟಿ. ಬಳ್ಳಾರಿಯ ಪತ್ತಾರ ಅದಕ್ಕೆ ಎರಡು ತುಂಡು ಬೆಳ್ಳಿ ಕೂಡಿಸಿ ದೊಡ್ಡದು ಮಾಡಿಕೊಟ್ಟ. ತಿರುಗಿ ಬಂದ ಅತ್ತೆ ಸೀದಾ ಮನೆಯೊಳಗೆ ಬರಲಿಲ್ಲ. ಬಂಡಿ ಇಳಿದವಳೇ ಓಣಿಯ ಕೊನೆಯ ಮನೆಯವರೆಗೆ ನಡೆದುಹೋಗಿ ಒಂದು ಹಿಡಿ ಕೊತ್ತಂಬರಿ ಕೇಳಿಕೊಂಡು ಬಂದಳು. ನಮ್ಮ ಹಿತ್ತಲಲ್ಲಿ ಕೊತ್ತಂಬರಿ ಬೇಕಾದಷ್ಟಿತ್ತು.

ಈಗ ನಮ್ಮ ಮನೆಯ ಹೆಣ್ಣುಮಕ್ಕಳು ಒಂದು ಚಪಾತಿ ತಿಂದು ತಟ್ಟೆ ಸರಿಸುತ್ತಾರೆ. ನಲವತ್ತು ದಾಟಿದವರಂತೂ ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ. ಆಗ ಹಾಗಿರಲಿಲ್ಲ. ಯುದ್ಧ ಮುಗಿದಿದ್ದರೂ ಅಕ್ಕಿ, ಸಕ್ಕರೆ, ಬಟ್ಟೆ ಎಲ್ಲವೂ ಸರ್ಕಾರದ ಕಂಟ್ರೋಲಿನಲ್ಲಿ ಅಳೆದು ಸಿಗುತ್ತಿದ್ದ ಕಾಲ. ಹೆಂಗಸಿನ ಮೈಮೇಲೆ ನಾಲ್ಕು ಮಡಿಕೆ ಬೊಜ್ಜು ಇದ್ದರೆ ಆ ಮನೆಯ ನೆಲದಡಿಯ ಹಗೇವಿನಲ್ಲಿ ಜೋಳ ಇದೆ, ಗಂಡ ಚೆನ್ನಾಗಿ ನೋಡಿಕೊಳ್ಳುತ್ತಾನೆ ಅಂತ ಊರು ತಿಳಿಯುತ್ತಿತ್ತು. ನಮ್ಮತ್ತೆ ಬಾವಿ ಕಡೆ ನಡೆದು ಬಂದರೆ ಹೆಂಗಸರು ದಾರಿ ಬಿಡುತ್ತಿದ್ದರು. ಆಕೆಗೆ ಅದು ಗೊತ್ತಿತ್ತು, ಅದಕ್ಕೇ ಮೆಲ್ಲಗೆ ನಡೆಯುತ್ತಿದ್ದಳು.

ನಾನು ತೆಳ್ಳಗಿದ್ದೆ. ಬಂದ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ ಎಲ್ಲರೆದುರು ಅಂದಳು, "ಹಲಕುಂದಿಯೋರು ಹೆಣ್ಣು ಕೊಟ್ಟಾರೋ, ಸಜ್ಜಿ ದಂಟು ಕೊಟ್ಟಾರೋ!" ಹಾಗೆ ಅಂದವಳೇ ರಾತ್ರಿ ನನ್ನ ರೊಟ್ಟಿಯ ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ ಇಟ್ಟಳು. ಬೈಗುಳ ಬೆಣ್ಣೆ ಎರಡೂ ದಿನಾ ಇರುತ್ತಿದ್ದವು. ಆಕೆಯ ಬಾಯಿಗೆ ಸಿಕ್ಕದವರು ಓಣಿಯಲ್ಲಿ ಯಾರೂ ಇರಲಿಲ್ಲ. ಎದುರು ಮನೆಯಲ್ಲಿ ಹಲ್ಲಿಲ್ಲದ ಒಬ್ಬ ಮುದುಕಿ ಇದ್ದಳು. ದಿನಾ ಕಟ್ಟೆಯ ಮೇಲೆ ಕೂತು ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ಉಣ್ಣುತ್ತಿದ್ದಳು. "ನೋಡ್ರೇ, ನುಚ್ಚು ನುಂಗಾಕಿ ಕುಂತಾಳ, ಇನ್ನ ತೊಟ್ಟಲಾಗ ಹಾಕಿ ತೂಗ್ರಿ" ಅಂತ ನಮ್ಮತ್ತೆ ಆಕೆಗೆ ಕೇಳುವ ಹಾಗೇ ಅನ್ನುವಳು. ಮುದುಕಿ ತಲೆ ಎತ್ತದೆ ಉಣ್ಣುವಳು.

ನಮ್ಮ ನಾದಿನಿಯ ಮದುವೆ ಆದದ್ದೂ ಅತ್ತೆಯ ಮೈಯಿಂದಲೇ ಅನ್ನಬೇಕು. ಸಿರುಗುಪ್ಪದಿಂದ ಬೀಗತಿ ಹೆಣ್ಣು ನೋಡಲು ಬಂದಾಗ ಹುಡುಗಿಯನ್ನು ನೋಡಿದ್ದಕ್ಕಿಂತ ತಾಯಿಯನ್ನು ನೋಡಿದ್ದೇ ಹೆಚ್ಚು. "ನಾನು ತಾಯಿ ಮೈಕಟ್ಟು ನೋಡಿ ಒಪ್ಪೀನಿ. ಹೊರಾಕ ಹಡಿಯಾಕ ಇಂಥ ಬೇರಿನ ಹುಡುಗಿ ಬೇಕು ನಮ್ಮ ಮನಿಗೆ" ಅಂದಳು. ನಮ್ಮತ್ತೆ ಆ ಮಾತನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದಳು.

ಅದಾದ ಮೇಲೆ ಎರಡು ವರ್ಷಕ್ಕೆ ಅತ್ತೆ ಸೊರಗತೊಡಗಿದಳು. ಮೊದಲು ಕುತ್ತಿಗೆ ಸಣ್ಣಗಾಯಿತು, ಆಮೇಲೆ ತೋಳು. ಕುಪ್ಪಸದ ತೋಳು ಜೋಲಾಡತೊಡಗಿತು. ಜ್ವರ ಇಲ್ಲ, ಕೆಮ್ಮು ಇಲ್ಲ. ಎಲೆ ಅಡಿಕೆ ಬಿಟ್ಟಳು. ಕೇಳಿದರೆ "ಹರಕಿ ಹೊತ್ತೀನಿ" ಅಂದಳು. ಉಣ್ಣುವಾಗ ನನ್ನ ಜೊತೆ ಒಲೆ ಮುಂದೆ ಕೂಡುವುದನ್ನೂ ಬಿಟ್ಟಳು. "ಇಲ್ಲಿ ಶಕಿ, ನಾನು ಹಿತ್ತಲದಾಗ ಉಣ್ತೀನಿ" ಅಂತ ತಾಟು ತೆಗೆದುಕೊಂಡು ಹೋಗುವಳು. ತಾಟು ಖಾಲಿಯಾಗಿಯೇ ಬರುತ್ತಿತ್ತು. ನಾನು ಇನ್ನೊಂದು ರೊಟ್ಟಿ ಹೆಚ್ಚು ಹಾಕಿದರೆ ಅದೂ ಖಾಲಿ. ಆ ವರ್ಷ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಕರು ಮಾತ್ರ ಮೈ ತುಂಬಿಕೊಂಡು ಮಿರಮಿರ ಮಿಂಚುತ್ತಿತ್ತು. ಅದನ್ನು ನೋಡಿದರೂ ನನ್ನ ದಡ್ಡ ತಲೆಗೆ ಏನೂ ಹೊಳೆಯಲಿಲ್ಲ.

ಬಾವಿಯ ಹತ್ತಿರ ಮಾತು ಶುರುವಾಯಿತು.

"ಏನವ್ವಾ, ನಿಮ್ಮತ್ತಿ ನಡು ಯಾರು ಕದ್ದರು?"

"ನನಗೇನು ಗೊತ್ತು? ತಾಟಿಗೆ ಹಾಕಿದ್ದು ಮುಗೀತೈತಿ" ಅಂದೆ.

"ಹಾಕಿದ್ರ ಮುಗೀಬೇಕಲ್ಲ!"

ಎಲ್ಲರೂ ನಕ್ಕರು. ನಾನು ತುಂಬಿದ ಕೊಡ ಎತ್ತಿಕೊಂಡು ಬಂದೆ. ಸೊಸೆ ಬಂದ ಮೇಲೆ ಅತ್ತೆ ಸೊರಗಿದಳು ಅಂದರೆ ಅದಕ್ಕೆ ಬೇರೆ ಅರ್ಥವಿಲ್ಲ, ಸೊಸೆ ಉಣ್ಣಲು ಹಾಕುತ್ತಿಲ್ಲ ಅಂತಲೇ. ಮಾತು ನನ್ನ ತವರು ಹಲಕುಂದಿಗೂ ಹೋಯಿತು. ನಮ್ಮವ್ವ ಬಂದಳು. ಒಂದು ಹೊತ್ತು ಇದ್ದು, ಹೊರಡುವಾಗ ನನ್ನನ್ನು ಬಂಡಿಯ ಹಿಂದೆ ಕರೆದು, "ಆಕಿಗೆ ಹೊಟ್ಟಿ ತುಂಬ ಹಾಕು ಮಗಳ. ನಿನ್ನ ಹೆಸರಿನ ಜೋಡಿ ನನ್ನ ಹೆಸರೂ ಕೆಡತೈತಿ" ಅಂದಳು. ಹೆತ್ತ ತಾಯಿಯೂ ನಂಬಿದ್ದಳು. ನಾನು ಅವತ್ತು ಅಳಲಿಲ್ಲ, ಅಷ್ಟು ಸಿಟ್ಟು ಬಂದಿತ್ತು. ಸಿಟ್ಟೆಲ್ಲ ಅತ್ತೆಯ ಮೇಲೆ.

ಅಷ್ಟರಲ್ಲಿ ಸಿರುಗುಪ್ಪದಿಂದ ಹೇಳಿಕಳಿಸಿದರು. ನಾದಿನಿಗೆ ಏಳು ತಿಂಗಳು, ಕುಬಸ ಇಟ್ಟುಕೊಂಡಿದ್ದೇವೆ, ತವರಿನವರು ಬರಬೇಕು ಅಂತ. ಮೊದಲ ಬಸಿರಿನ ಸೀಮಂತ ಅದು. ಹಸಿರು ಸೀರೆ, ಕುಪ್ಪಸ, ಬಳೆ ಎಲ್ಲ ತಾಯಿಯ ಕೈಯಿಂದಲೇ ಆಗಬೇಕು. ಅತ್ತೆ ಸುದ್ದಿ ಕೇಳಿ ಹಿಗ್ಗಿದಳು, ಸಂಜೆಗೆ ಕುಗ್ಗಿದಳು. "ನೀನ ಹೋಗಿ ಬಾ. ನನಗ ಮೊಣಕಾಲು ನೋವು" ಅಂದಳು ನನಗೆ.

ಮಾವ ಉಣ್ಣುತ್ತಿದ್ದವರು ಕೈ ನಿಲ್ಲಿಸಿದರು. "ಮಗಳ ಕುಬಸಕ್ಕ ತಾಯಿ ಹೋಗಂಗಿಲ್ಲಂದ್ರ ಏನರ್ಥ? ಸತ್ತೀಯೇನು ನೀನು?"

ಆಕೆ ಎದ್ದು ಒಳಗೆ ಹೋದಳು. ಮಗಳನ್ನು ನೋಡುವ ಆಸೆ ಎಷ್ಟಿತ್ತೆಂದರೆ ಹಸಿರು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಚ್ಚಿ ನೋಡಿ ಮತ್ತೆ ಮಡಚಿ ಇಡುತ್ತಲೇ ಇದ್ದಳು. ಕೊನೆಗೆ ಹೊರಡುವ ಬೆಳಿಗ್ಗೆ ಬಂಡಿ ಹೂಡುವ ಸದ್ದು ಕೇಳಿ "ಬರ್ತೀನಿ" ಅಂದು ಕೋಣೆಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಬಾಗಿಲು ತಟ್ಟಿದೆ.

"ಅತ್ತಿ, ಬಂಡಿ ಹೂಡ್ಯಾರ. ಬರ್ರಿ."

"ಒಬ್ಬಾಕಿನ ಅದೀಯೇನು? ಒಳಗ ಬಾ. ಬಾಗಲ ಹಾಕು."

ಒಳಗೆ ನೋಡಿದರೆ ಒಂದು ಇಳಕಲ್ ಸೀರೆ ಉಟ್ಟು, ಅದರ ಮೇಲೆ ಇನ್ನೊಂದು ಸೀರೆ ಅರ್ಧ ಸುತ್ತಿಕೊಂಡು ನಿಂತಿದ್ದಾಳೆ. ಕೈಯಲ್ಲಿ ಹೊದೆಯುವ ಹಳೆಯ ಕೌದಿಯಿಂದ ಹರಿದುಕೊಂಡ ಉದ್ದನೆಯ ತುಂಡು.

"ಕಣ್ಣು ಬಿಟ್ಟು ನೋಡಬ್ಯಾಡ. ಈ ತುದಿ ಹಿಡಿ, ಸುತ್ತು."

"ಅತ್ತಿ, ಹೊರಗ ಕೆಂಡ ಸುರದಂಗ ಬಿಸಲೈತಿ."

"ಸುರೀಲಿ. ಸಣಕಲ ಆಗಿ ಹೋಗಿ ಆ ಬೀಗತಿ ಮುಂದ ನಿಂದ್ರಲೇನು? ನನ್ನ ಮೈ ನೋಡಿ ನನ್ನ ಮಗಳನ್ನ ತಂದಾಕಿ ಆಕಿ. ಈಗ ನೋಡಿದ್ರ ಏನಂದಾಳು? ಬೇರಿಗೇ ಹುಳ ಹತ್ತೈತಿ ಅಂದಾಳು. ಹೊಟ್ಟ್ಯಾಗ ಕೂಸು ಇಟ್ಕೊಂಡ ಹುಡುಗಿ ಕಿವಿಗೆ ಆ ಮಾತು ಬೀಳಬೇಕೇನು?" ಸೆರಗು ಸರಿಮಾಡಿಕೊಳ್ಳುತ್ತಾ, ನನ್ನ ಕಡೆ ನೋಡದೆ ಇನ್ನೊಂದು ಮಾತು ಅಂದಳು. "ನಿನಗೂ ಏನರ ಅಂತಾರ."

ನಾನು ಕೌದಿ ಸುತ್ತಿದೆ. ಎಲುಬು ಕೈಗೆ ತಾಗುತ್ತಿತ್ತು. ಅದರ ಮೇಲೆ ಎರಡನೇ ಸೀರೆ, ಅದರ ಮೇಲೆ ಡಾಬು. ಡಾಬು ಮೊದಲಿನ ಹಾಗೇ ಬಿಗಿಯಾಗಿ ಕೂತಿತು. ದೂರದಿಂದ ನೋಡಿದರೆ ಅದೇ ಅತ್ತೆ. ಹತ್ತಿರ ಬಂದರೆ ಮುಖ ಒಬ್ಬರದು, ನಡು ಇನ್ನೊಬ್ಬರದು.

ರಸ್ತೆಯವರೆಗೆ ಬಂಡಿ, ಅಲ್ಲಿಂದ ಇದ್ದಿಲ ಬಸ್ಸು. ಹಿಂದೆ ಕಟ್ಟಿದ ಒಲೆಯಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಅದು. ಮೊದಲೇ ಚೈತ್ರದ ಬಿಸಿಲು, ಮೇಲೆ ಆ ಒಲೆಯ ಕಾವು. ಮಾವ ಮುಂದೆ ಗಂಡಸರ ಜೊತೆ ಕೂತಿದ್ದರು. ಅತ್ತೆಯ ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ನಾನು ತಂಬಿಗೆ ಮುಂದೆ ಹಿಡಿದೆ.

"ಬ್ಯಾಡ. ನೀರು ಕುಡದ್ರ ದಾರ್ಯಾಗ ಇಳೀಬೇಕಾಗತೈತಿ. ಇಳದ್ರ ಇದನ್ನೆಲ್ಲ ಬಿಚ್ಚಬೇಕು. ಬಿಚ್ಚಿದ ಮ್ಯಾಲ ಬಯಲಾಗ ಕಟ್ಟೋರ್ಯಾರು, ನಿಮ್ಮಪ್ಪನೇನು?"

ನನಗೆ ನಗು ಬಂತು. ಆಕೆಗೂ ಬಂತು, ಆದರೆ ನಕ್ಕರೆ ಡಾಬು ಒತ್ತುತ್ತದೆ ಅಂತ ತಡೆದುಕೊಂಡಳು. ಆಕೆ ನನ್ನ ಜೊತೆ ನಗಲು ಹೊರಟದ್ದು ಅದೇ ಮೊದಲು.

ಸಿರುಗುಪ್ಪದ ಮನೆ ಬಾಗಿಲಲ್ಲೇ ಬೀಗತಿ ನಿಂತಿದ್ದಳು. ಬಾಗಿಲು ತುಂಬಿತ್ತು, ಅಷ್ಟು ದಪ್ಪ ಹೆಂಗಸು. ಆದೋನಿ ಕಡೆಯ ತವರು, ಮಾತಿನಲ್ಲಿ ಅರ್ಧ ತೆಲುಗು. ಯಾರ ಮನೆಗೆ ಹೋದರೂ ಕೂಡುವುದಿಲ್ಲ, ಆರತಿಗೂ ಊಟಕ್ಕೂ ನಿಂತೇ ಇರುತ್ತಾಳೆ, ಭಾರೀ ಸೊಕ್ಕಿನವಳು ಅಂತ ಎರಡೂ ಊರಿನಲ್ಲಿ ಹೆಸರು.

"ರಾ ವದಿನಾ, ರಾ ರಾ" ಅಂತ ತೆಲುಗಿನಲ್ಲಿ ಅತ್ತಿಗೆ ಅಂತ ಕರೆದು ಅತ್ತೆಯ ಕೈ ಹಿಡಿದಳು. ಮೇಲಿಂದ ಕೆಳಗೆ ನೋಡಿದಳು. "ಯಾಕ, ಮುಖ ಬಾಡೇತಲ್ಲ?"

"ಬಿಸಲು. ಬಸ್ಸಿನ ಹೊಗಿ" ಅಂದಳು ಅತ್ತೆ.

ಪಡಸಾಲೆ ತುಂಬ ಹೆಂಗಸರು. ಕರೂರಿನಿಂದಲೂ ಅವರ ಸಂಬಂಧಿಕರು ಬಂದಿದ್ದರು. ನಾದಿನಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂಡಿಸಿದರು. ಅತ್ತೆ ಉಡಿ ತುಂಬಿದಳು. ಬಗ್ಗುವಾಗ ಒಂದು ಕೈ ಡಾಬಿನ ಮೇಲೆ ಇಟ್ಟುಕೊಂಡೇ ಬಗ್ಗಿದಳು. ಎಲ್ಲವೂ ಸರಿಯಾಗಿ ನಡೆಯಿತು. ಇನ್ನೇನು ಗೆದ್ದೆವು ಅಂತ ನಾನು ಉಸಿರು ಬಿಡುವಷ್ಟರಲ್ಲಿ ಬಳೆಗಾರ್ತಿ ಬುಟ್ಟಿ ಬಿಚ್ಚಿದಳು.

ಬಸುರಿಗೆ ಮೊದಲು ಬಳೆ, ಆಮೇಲೆ ಆಕೆಯ ತಾಯಿಗೆ, ಆಮೇಲೆ ಉಳಿದವರಿಗೆ. ಅದು ಪದ್ಧತಿ. ನಡುವಿಗೆ ಎರಡು ಸೀರೆ, ಕೌದಿ ಎಲ್ಲ ಸುತ್ತಿದ ನಾವಿಬ್ಬರೂ ಕೈ ಇದೆ ಅನ್ನುವುದನ್ನೇ ಮರೆತಿದ್ದೆವು. ಇದ್ದ ಹಳೆ ಬಳೆ ಜಾರದ ಹಾಗೆ ಆಕೆ ದಾರ ಕಟ್ಟಿಕೊಂಡು ಸೆರಗಿನಲ್ಲಿ ಮುಚ್ಚಿಟ್ಟಿದ್ದಳು.

"ಕೈ ಕೊಡವ್ವಾ."

"ನನಗಿರಲಿ. ಅವರಿಗೆ ಹಾಕು ಮೊದಲು."

"ತಾಯಿ ಹಾಕ್ಕೊಳ್ಳಲಾರದ ಉಳದೋರು ಹೆಂಗ ಹಾಕ್ಕೋತಾರ? ಕೊಡು, ನೋಯಂಗಿಲ್ಲ."

ಬಳೆಗಾರ್ತಿ ಅತ್ತೆಯ ನಡು ನೋಡಿ ದೊಡ್ಡ ಅಳತೆಯ ಬಳೆ ಆರಿಸಿದ್ದಳು. ಕೈ ಒತ್ತಲು ಬೆರಳಿಗೆ ಎಣ್ಣೆ ಕೂಡ ಸವರಿಕೊಂಡಿದ್ದಳು. ಒತ್ತಬೇಕಾಗಲೇ ಇಲ್ಲ. ಬಳೆ ಸೀದಾ ಮೊಣಕೈವರೆಗೆ ಓಡಿತು. ಅತ್ತೆ ಗಾಬರಿಯಾಗಿ ಕೈ ಇಳಿಸಿದ್ದೇ, ಜಾರಿ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಕರೂರಿನವರ ಕಾಲ ಬಳಿ ನಿಂತಿತು. ಪುಣ್ಯಕ್ಕೆ ಒಡೆಯಲಿಲ್ಲ. ಕುಬಸದ ಮನೆಯಲ್ಲಿ ಬಳೆ ಬಿತ್ತು ಅಂತ ಎಲ್ಲರೂ ಅದರ ಕಡೆ ಬಗ್ಗಿ ನೋಡಿದರು.

"ಅಯ್ಯ, ಮೈ ನೋಡಿದ್ರ ಆನಿ, ಕೈ ನೋಡಿದ್ರ ಗುಬ್ಬಿ!" ಅಂದಳು ಕರೂರಿನವಳೊಬ್ಬಳು. ಪಡಸಾಲೆಯೆಲ್ಲ ನಕ್ಕಿತು.

ಅತ್ತೆ ಎದ್ದಳು. ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಕಣ್ಣು ಮೇಲೆ ಮಾಡಿ ನನ್ನ ಮೇಲೆ ಒರಗಿದಳು. ನಗು ನಿಂತಿತು.

ಬೀಗತಿ ಬಂದು ಒಂದೇ ಕೈಯಲ್ಲಿ ಆಕೆಯನ್ನು ಎತ್ತಿದ ಹಾಗೆ ಮಾಡಿ ಒಳಕೋಣೆಗೆ ತಂದಳು. ನಾನು, ನಾದಿನಿ ಹಿಂದೆ ಹೋದೆವು. ಬೀಗತಿ ಬಾಗಿಲಿಗೆ ಅಗಳಿ ಹಾಕಿ, ಡಾಬು ಬಿಚ್ಚಿ ಸೆರಗು ಎಳೆದಳು. ಒಂದು ಸೀರೆ ಬಂತು. ಕೆಳಗೆ ಕೌದಿ. ಅದನ್ನು ಸುತ್ತು ಬಿಡಿಸಿದರೆ ಕೆಳಗೆ ಇನ್ನೊಂದು ಸೀರೆ.

"ಇದೇಂದಿ ಇದಿ! ಉಳ್ಳಾಗಡ್ಡಿ ಸುಲದಂಗ ಆತಲ್ಲೇ ನಿಮ್ಮತ್ತಿನ್ನ!"

ಒದ್ದೆಯಾದ ಕೌದಿಯನ್ನು ನನ್ನ ಕೈಗೆ ಕೊಟ್ಟಳು. ಒಳಗೆ ಉಳಿದ ಅತ್ತೆ ಇಷ್ಟೇ ಇದ್ದಳು. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು, "ಅವ್ವಾ, ಎಲ್ಲಿ ಹೋತು ನಿನ್ನ ಮೈ?" ಅಂತ ಅತ್ತಳು. ನೀರು ಚಿಮುಕಿಸಿ, ಕುಡಿಸಿ, ಬೀಸಣಿಗೆ ಬೀಸಿದ ಮೇಲೆ ಅತ್ತೆ ಕಣ್ಣು ಬಿಟ್ಟಳು. ಆಗ ಬೀಗತಿ ನನ್ನ ಕಡೆ ತಿರುಗಿದಳು. ಬಾವಿಯ ಹೆಂಗಸರು ನೋಡುವ ನೋಟವೇ ಅದು.

"ಏನ್ ಹಾಕ್ತೀಯವ್ವಾ ನೀನು ಈಕಿಗೆ ಊಟಕ್ಕ?"

ನಾದಿನಿಯೂ ನನ್ನನ್ನೇ ನೋಡುತ್ತಿದ್ದಳು. ನಾನು ಏನು ಹೇಳಿದರೂ ಯಾರೂ ನಂಬುವುದಿಲ್ಲ ಅಂತ ಕೌದಿ ಹಿಡಿದುಕೊಂಡು ನಿಂತೆ.

"ಆಕಿನ್ನ ಕೇಳಬ್ಯಾಡ್ರಿ" ಅಂದಳು ಅತ್ತೆ. ಮಲಗಿದಲ್ಲಿಂದಲೇ ಎರಡು ಬೆರಳಿನಿಂದ ತುಟಿ ಅಗಲಿಸಿ ಬಾಯಿ ದೊಡ್ಡದಾಗಿ ತೆರೆದಳು. "ಇಲ್ಲಿ ನೋಡ್ರಿ."

ನಾವು ಮೂವರೂ ಬಗ್ಗಿ ನೋಡಿದೆವು. ಮುಂದಿನ ಹಲ್ಲು ಸಾಲಾಗಿದ್ದವು. ಹಿಂದೆ ಎರಡೂ ಕಡೆ ಬರೀ ಒಸಡು.

"ಮುಂದಿನವು ಓಣಿಗೆ ತೋರಸಾಕ ಅದಾವ. ದವಡಿ ಹಲ್ಲು ಒಂದೂ ಇಲ್ಲ. ರೊಟ್ಟಿ ಅಗಿಯಾಕ ಬರಂಗಿಲ್ಲ, ಹಿತ್ತಲದ ಎಮ್ಮಿ ಕರಕ್ಕ ಹಾಕ್ತೀನಿ. ಈ ಹುಡುಗಿ ಹಾಕಿದ್ದು ಕಮ್ಮಿ ಆಗಿಲ್ಲ. ಈಕಿಗೆ ಯಾರೂ ಏನೂ ಅನಬಾರದು."

ಎಷ್ಟೋ ದಿನದ ಸಿಟ್ಟು ನನ್ನ ಬಾಯಿಗೆ ಬಂತು. "ನುಚ್ಚು ಮಾಡು ಅಂತ ಒಂದು ಮಾತು ಅಂದಿದ್ರ ಮಾಡ್ತಿದ್ದಿಲ್ಲೇನು ನಾನು?"

"ಎದುರು ಮನ್ಯಾಕಿಗೆ ಅಷ್ಟು ಅಂದೀನಿ. ಅದ ಬಾಯಿಲೆ ನುಚ್ಚು ಹೆಂಗ ಕೇಳಲಿ?" ಅಂದಳು. ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಬೀಗತಿ ಹೊರಗೆ ಹೋಗಿ, ಮೆತ್ತಗಿನ ಅನ್ನಕ್ಕೆ ಹಾಲು ಹಾಕಿ ಕಲಸಿಕೊಂಡು ತಂದಳು. ಅಕ್ಕಿ ಸಿಗದ ಕಾಲದಲ್ಲಿ ಅಷ್ಟು ಅನ್ನ. ಆಮೇಲೆ ಎರಡೂ ಮನೆಯವರು ಎಂದೂ ನೋಡದ ಕೆಲಸ ಮಾಡಿದಳು. ಗೋಡೆ ಹಿಡಿದುಕೊಂಡು, ಧೊಪ್ಪನೆ ನೆಲಕ್ಕೆ ಕೂತಳು. ಅತ್ತೆಯ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ತುತ್ತು ಮಾಡಿ ಉಣ್ಣಿಸಿದಳು. ಅತ್ತೆ ಬೇಡ ಅನ್ನಲಿಲ್ಲ. ತಾಟು ಮುಗಿಯಿತು, ಕೆರೆದೂ ಆಯಿತು. ಬೀಗತಿ ಏಳಲು ಹೋದಳು, ಆಗಲಿಲ್ಲ.

"ಅದಕ್ಕ ವದಿನಾ ನಾನು ಎಲ್ಲೂ ಕೂಡಂಗಿಲ್ಲ. ಕುಂತ್ರ ಏಳಾಕ ಬರಂಗಿಲ್ಲ. ನಾಕು ಮಂದಿ ಹಿಡದು ಎಬ್ಬಸೋದು ನೋಡಿ ಮಂದಿ ನಗೋದಕ್ಕಿಂತ ಸೊಕ್ಕು ಅನ್ಲಿ ಅಂತ ಬಿಟ್ಟೀನಿ."

"ಹಂಗಾದ್ರ ಈಗ ಯಾಕ ಕುಂತ್ರಿ?"

"ನಿಂತು ಉಣ್ಣಸಾಕ ಆಗತೈತೇನು?"

ನಾನು ಒಂದು ಕೈ, ಅತ್ತೆ ಒಂದು ಕೈ ಹಿಡಿದು ಎಳೆದೆವು. ಬಸುರಿ ಬೇಡ ಅಂದರೂ ಹಿಂದಿನಿಂದ ನೂಕಿದಳು. ಬೀಗತಿ ಮೊಣಕಾಲಿನ ಮೇಲೆ ಬಂದು ಮತ್ತೆ ಕೂತಳು. ಅತ್ತೆಗೆ ನಗು ತಡೆಯಲಾಗಲಿಲ್ಲ. ಈಗ ನಡುವಿನಲ್ಲಿ ಡಾಬು ಇರಲಿಲ್ಲವಲ್ಲ, ಬಾಯಿ ತುಂಬ ನಕ್ಕಳು, ಖಾಲಿ ದವಡೆ ಎಲ್ಲ ಕಾಣುವ ಹಾಗೆ. ಎರಡನೇ ಸಲಕ್ಕೆ ಎಬ್ಬಿಸಿದೆವು.

ಹೊರಗೆ ಬಳೆಗಾರ್ತಿ ಇನ್ನೂ ಕಾಯುತ್ತಿದ್ದಳು. ಅತ್ತೆ ಮುಖ ತೊಳೆದು, ಒಂದೇ ಸೀರೆ ಉಟ್ಟುಕೊಂಡಳು. ನಾದಿನಿ ಡಾಬು ತಂದು ಹಿಡಿದಳು.

"ಬ್ಯಾಡ. ಕಾಲಾಗ ಬೀಳತೈತಿ" ಅಂದಳು ಅತ್ತೆ.

ಇದ್ದ ಹಾಗೇ ಪಡಸಾಲೆಗೆ ನಡೆದಳು. ನಾನು ಹಿಂದೆಯೇ ಹೋದೆ. ನಗುತ್ತಿದ್ದವರು ಯಾರೂ ಈಗ ನಗಲಿಲ್ಲ. ಅತ್ತೆ ಬಳೆಗಾರ್ತಿಯ ಮುಂದೆ ಕೂತು ಕೈ ಮುಂದೆ ಚಾಚಿ, "ಹುಡುಗ್ಯಾರ ಅಳತಿ ತಗಿ" ಅಂದಳು. ಹಾಕಿಸಿಕೊಂಡು ಎದ್ದು ಕರೂರಿನವಳ ಕಡೆ ತಿರುಗಿ, "ನಕ್ಕಿದ್ದು ಮುಗೀತೇನವ್ವಾ? ಮುಗಿದಿದ್ರ ಬಾ, ಮುಂದಿನ ಪಾಳಿ ನಿಂದು" ಅಂದಳು. ಅತ್ತೆಯ ನಡು ಹೋಗಿದ್ದರೂ ಬಾಯಿ ಎಲ್ಲಿಗೂ ಹೋಗಿರಲಿಲ್ಲ.

ತಿರುಗಿ ಬರುವಾಗ ಬಳ್ಳಾರಿಯ ಮೇಲೆ ಬಂದೆವು. ಪತ್ತಾರ ತಾನೇ ಕೂಡಿಸಿದ್ದ ಎರಡು ತುಂಡು ಬಿಚ್ಚಿದ. ಇನ್ನೂ ಒಂದು ಬಿಚ್ಚಲೇ ಅಂದ, ಅತ್ತೆ ಒಪ್ಪಲಿಲ್ಲ. ಬಿಚ್ಚಿದ ತುಂಡುಗಳನ್ನು ಎಲೆ ಅಡಿಕೆ ಚೀಲದಲ್ಲಿ ಹಾಕಿಕೊಂಡು ದಾರ ಎಳೆದಳು. "ಇರಲಿ, ಮತ್ತ ಬೇಕಾದೀತು" ಅಂದಳು. ಬೇಕಾಗಲಿಲ್ಲ. ಹೋದ ಮೈ ಮತ್ತೆ ಅಷ್ಟು ಬರಲಿಲ್ಲ. ಎರಡು ತಿಂಗಳಿಗೆ ನಾದಿನಿ ನಮ್ಮಲ್ಲಿಗೆ ಬಂದು ಹೆತ್ತಳು, ಕೂಸು ಬಾಣಂತಿ ಇಬ್ಬರೂ ಗಟ್ಟಿಯಾಗಿದ್ದರು. ಬೇರಿಗೆ ಯಾವ ಹುಳವೂ ಹತ್ತಿರಲಿಲ್ಲ.

ಸಿರುಗುಪ್ಪದಿಂದ ಬಂದ ಮರುದಿನ ಬೆಳಿಗ್ಗೆ ನಾನು ಜೋಳದ ನುಚ್ಚು ಮಾಡಿ ಮಜ್ಜಿಗೆ ಕಲಸಿ, ಹಿತ್ತಲ ಕಡೆ ತಂದೆ. ಅತ್ತೆ ಅಲ್ಲಿರಲಿಲ್ಲ. ಓಣಿಯ ಕಟ್ಟೆಯ ಮೇಲೆ ಹೋಗಿ ಕೂತಿದ್ದಳು, ಎದುರು ಮನೆಯ ಮುದುಕಿಗೆ ಕಾಣುವ ಹಾಗೆ. ಮುದುಕಿಯೂ ತನ್ನ ಬಟ್ಟಲು ಹಿಡಿದು ಕೂತಿದ್ದಳು. ಹೆಂಗಸರು ಕೊಡ ಹೊತ್ತು ಬಾವಿಗೆ ಹೋಗುವ ಹೊತ್ತು ಅದು. ನಾನು ತಾಟು ಕೊಟ್ಟೆ. ಅತ್ತೆ ಎದುರಿಗೆ ನೋಡಿ, "ಉಪ್ಪು ಹಾಕ್ಕೋತೀಯೋ ಹಂಗ ಉಣ್ತೀಯೋ?" ಅಂತ ಕೇಳಿದಳು. ಮುದುಕಿ ಆ ದಿನ ತಲೆ ಎತ್ತಿದಳು. "ಬಳ್ಳೊಳ್ಳಿ ಜಜ್ಜಿ ಹಾಕ್ಕೋ, ರುಚಿ ಬರತೈತಿ" ಅಂದಳು.

ಅತ್ತೆ ಉಂಡಳು. ಕೊಡದ ಹೆಂಗಸರು ಹತ್ತಿರ ಬಂದ ಹಾಗೆ ತಾಟು ಮೇಲೆತ್ತಿ ಗಟ್ಟಿಯಾಗಿ ಕೂಗಿದಳು, "ಸೊಸೀ, ಇನ್ನೊಂದೀಟು ತಾರವ್ವಾ!"

ನಾನು ಓಡಿ ಹೋಗಿ ಇನ್ನಷ್ಟು ತಂದೆ. ಅದು ಮುಗಿಯುವ ಮೊದಲೇ ಬಾವಿಯಿಂದ ತಿರುಗಿ ಬರುವವರು ಕಂಡರು. ಮತ್ತೆ ಕೂಗಿದಳು, ನಾಲ್ಕು ಮನೆಗೆ ಕೇಳುವ ಹಾಗೆ. "ಎಷ್ಟು ಹಾಕ್ತೀಯೇ ಇವತ್ತ! ತಾ, ಇನ್ನೊಂದು ಸೌಟು ತಾ!"

ನಾನು ಸೌಟು ಹಿಡಿದು ಬಗ್ಗಿದೆ. ಅತ್ತೆ ತಾಟಿನ ಮೇಲೆ ಅಡ್ಡ ಕೈ ಹಿಡಿದು, ನನಗೊಬ್ಬಳಿಗೇ ಕೇಳುವ ಹಾಗೆ ಅಂದಳು.

"ಹೊಟ್ಟಿ ಬಿರೀತೈತಿ ಲೇ. ಸುಮ್ಮನ ಹಾಕಿದಂಗ ಮಾಡಿ ಒಳಗ ಒಯ್ಯಿ."